ಆಲೂರಿನ ಹತ್ತು ದಿನ: ಆತಂಕವಿದ್ದು ಧ್ಯಾನದಲ್ಲಿ ನಂಬಿಕೆಯಿಲ್ಲದವರಿಗೆ ವಿಪಶ್ಯನ ಶಿಬಿರ ಹೇಗೆ?

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೋದರೆ ಆಲೂರು ಗ್ರಾಮದಲ್ಲಿ ಧಮ್ಮ ಪಫುಲ್ಲ ಎಂಬ ವಿಪಶ್ಯನ ಕೇಂದ್ರವಿದೆ. ವಿಪಶ್ಯನ ಎಂದರೆ ಮೈಯ ಸಂವೇದನೆಗಳನ್ನು ಸುಮ್ಮನೆ ನೋಡುತ್ತಾ ಮಾಡುವ, ಬೌದ್ಧ ಮೂಲದ ಧ್ಯಾನ. ಹತ್ತು ದಿನದ ಶಿಬಿರ. ಮಾತಿಲ್ಲ, ಫೋನಿಲ್ಲ, ಶುಲ್ಕವೂ ಇಲ್ಲ. ಈ ವಿಮರ್ಶೆ ಒಂದು ಬಗೆಯ ಜನರಿಗಾಗಿ ಬರೆದದ್ದು. ಸುಮ್ಮಸುಮ್ಮನೆ ಎದೆ ಢವಢವ ಅನ್ನುತ್ತದೆ, ನಡುರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಏನೋ ಆಗಿಬಿಡುತ್ತದೆ ಎಂಬ ದಿಗಿಲು ಬಿಡುವುದಿಲ್ಲ. ಆದರೆ ಚಕ್ರ, ಕುಂಡಲಿನಿ, ಪಾಸಿಟಿವ್ ಎನರ್ಜಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗಬೇಕೆನ್ನಿಸುತ್ತದೆ. ಇಂಥವರು "ಅಲ್ಲಿಗೆ ಹೋಗಿ ಬಂದರೆ ಏನಾದರೂ ಪ್ರಯೋಜನವಿದೆಯೇ?" ಎಂದು ಕೇಳುತ್ತಲೇ ಇರುತ್ತಾರೆ.

ತೀರ್ಮಾನವನ್ನು ಮೊದಲೇ ಹೇಳಿಬಿಡೋಣ. ಇಲ್ಲಿ ಕಲಿಸುವ ವಿಧಾನ ಗಟ್ಟಿಯಾದದ್ದು, ಆತಂಕದ ಬೇರಿಗೇ ಕೈಹಾಕುವಂಥದ್ದು. ಆದರೆ ಒಮ್ಮೆಯೂ ಹತ್ತು ನಿಮಿಷ ಕಣ್ಣುಮುಚ್ಚಿ ಕೂರದವರು ನೇರವಾಗಿ ದಿನಕ್ಕೆ ಹತ್ತೂಮುಕ್ಕಾಲು ಗಂಟೆಯ ಸಾಧನೆಗೆ ಇಳಿಯುವುದೆಂದರೆ ಈಜು ಕಲಿಯಲು ಕೆರೆಯ ನಡುವಿಗೇ ಹೋದಂತೆ. ಮನೆಯಲ್ಲಿ ನಾಲ್ಕು ವಾರ ದಡದ ನೀರಿನಲ್ಲಿ ಕೈಕಾಲು ಆಡಿಸಿ ಆಮೇಲೆ ಹೋಗಬೇಕು. ಆ ನಾಲ್ಕು ವಾರ ಹೇಗೆ ಮಾಡಬೇಕು ಎಂಬುದನ್ನೂ ಮುಂದೆ ಬರೆದಿದ್ದೇವೆ.

ಸಂದೇಹಿಯ ಮೊದಲ ಪ್ರಶ್ನೆ ದುಡ್ಡಿನದು, ಅದು ಸಹಜ. ಊಟ, ವಸತಿ, ಪಾಠ ಯಾವುದಕ್ಕೂ ಹಣ ಕೇಳುವುದಿಲ್ಲ. ಒಂದು ಹತ್ತು ದಿನದ ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ. ಇಷ್ಟೇ ಕೊಡಿ ಎಂದು ಯಾರೂ ಹೇಳುವುದಿಲ್ಲ, ಕೊಡದೆ ಬಂದರೂ ಕೇಳುವುದಿಲ್ಲ. ಆಚಾರ್ಯರಿಗೆ ಸಂಬಳವಿಲ್ಲ, ಶಿಬಿರ ನಡೆಸಿಕೊಡುವ, ಊಟ ಬಡಿಸುವ ಧಮ್ಮ ಸೇವಕರು ಹಿಂದೆ ಶಿಬಿರ ಮಾಡಿದವರೇ. ಮುಂದಿನ ಹಂತಕ್ಕೆ ಇಷ್ಟು ಸಾವಿರ, ಅದರ ಮುಂದಿನದಕ್ಕೆ ಇಷ್ಟು ಲಕ್ಷ ಎಂಬ ಏಣಿ ಇಲ್ಲಿಲ್ಲ. ಈ ಒಂದು ವಿಷಯದಲ್ಲಿ ಪೂರ್ಣ ಅಂಕ ಕೊಡಲು ನಮಗೆ ಅಳುಕಿಲ್ಲ.

ಎರಡನೆಯ ಪ್ರಶ್ನೆ ಧರ್ಮದ್ದು. ಇಲ್ಲಿನ ಉತ್ತರ ಅಷ್ಟು ಸಲೀಸಲ್ಲ. ಈ ಪದ್ಧತಿಯನ್ನು ಭಾರತಕ್ಕೆ ತಂದ ಸತ್ಯನಾರಾಯಣ ಗೋಯೆಂಕಾ 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಮಾರ್ವಾಡಿ ವ್ಯಾಪಾರಿ. ತೀವ್ರ ಮೈಗ್ರೇನ್‌ಗೆ ಎಲ್ಲೂ ಪರಿಹಾರ ಸಿಗದೆ 1955ರಲ್ಲಿ ಸಯಾಜಿ ಉ ಬಾ ಖಿನ್ ಎಂಬ ಧ್ಯಾನಗುರುವಿನ ಬಳಿಗೆ ಹೋದರು. ಉ ಬಾ ಖಿನ್ ಸನ್ಯಾಸಿಯಲ್ಲ. ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. ತಲೆನೋವು ವಾಸಿಮಾಡಿಕೊಳ್ಳಲು ಬರುವುದಾದರೆ ಬರಬೇಡಿ ಎಂದು ಅವರು ಮೊದಲು ಹೇಳಿದ್ದರು. ಸಂಪ್ರದಾಯಸ್ಥ ಹಿಂದೂ ಮನೆಯ ಗೋಯೆಂಕಾಗೂ ಬೌದ್ಧರ ಧ್ಯಾನವೆಂದರೆ ಅನುಮಾನವಿತ್ತು. 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರುಮಾಡಿದರು, 2013ರಲ್ಲಿ ತೀರಿಕೊಂಡರು. ಇಂದಿಗೂ ಎಲ್ಲ ಕೇಂದ್ರಗಳಲ್ಲೂ ಅವರ ಧ್ವನಿಮುದ್ರಣವೇ ಪಾಠ. ಎದುರಿಗೆ ಕೂತಿರುವ ಸಹಾಯಕ ಆಚಾರ್ಯರ ಕೆಲಸ ಸಂದೇಹ ಪರಿಹರಿಸುವುದು.

ಮತಾಂತರವಿಲ್ಲ, ಪೂಜೆಯಿಲ್ಲ, ಮೂರ್ತಿಯ ಮುಂದೆ ಅಡ್ಡಬೀಳುವುದಿಲ್ಲ. ಆದರೆ ಆರಂಭದಲ್ಲಿ ಪಾಳಿ ಭಾಷೆಯಲ್ಲಿ ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು) ಮತ್ತು ಪಂಚಶೀಲವನ್ನು (ಐದು ನಡತೆಯ ನಿಯಮ) ಹೇಳಿಸುತ್ತಾರೆ. ದಿನವೂ ಪಾಳಿ ಪಠಣ ಕೇಳಿಸುತ್ತದೆ, ಕೊನೆಗೆ "ಸಾಧು ಸಾಧು ಸಾಧು" ಎನ್ನುವುದಿದೆ. ಸಂಜೆಯ ಪ್ರವಚನದಲ್ಲಿ ಹಳೆಯ ಸಂಖಾರಗಳು, ಎಂದರೆ ಮನಸ್ಸಿನ ಹಳೆಯ ಪ್ರತಿಕ್ರಿಯೆಗಳು ಉಳಿಸಿದ ಗುರುತುಗಳು, ಮೈಮೇಲಿನ ಸಂವೇದನೆಯಾಗಿ ಎದ್ದು ಬಂದು ಕರಗುತ್ತವೆ ಎಂಬ ಸಿದ್ಧಾಂತವೂ ಪುನರ್ಜನ್ಮದ ಮಾತೂ ಬರುತ್ತವೆ. ಇವನ್ನು ಒಪ್ಪದೆಯೂ ಅಭ್ಯಾಸ ಮಾಡಬಹುದು. ಪ್ರವಚನದಲ್ಲೇ ಒಂದು ಕಥೆಯಿದೆ: ಪಾಯಸದಲ್ಲಿ ಏಲಕ್ಕಿ ಕಂಡ ಮಗು ಕಪ್ಪು ಕಲ್ಲು ಎಂದುಕೊಂಡು ಪಾಯಸವನ್ನೇ ದೂಡುತ್ತದೆ. ಕಲ್ಲು ಎನ್ನಿಸಿದ್ದನ್ನು ಪಕ್ಕಕ್ಕಿಟ್ಟು ಪಾಯಸ ತಿನ್ನಿ ಎಂಬುದು ಅದರ ತಾತ್ಪರ್ಯ. ಸಂದೇಹಿಗಳು ಈ ಅನುಮತಿಯನ್ನು ಧಾರಾಳವಾಗಿ ಬಳಸಿಕೊಳ್ಳಲಿ. ಮೊದಲೇ ತಿಳಿದಿದ್ದರೆ ಮೊದಲ ಸಂಜೆಯ ಪಾಳಿ ಪಠಣಕ್ಕೆ ಬೆಚ್ಚುವುದಿಲ್ಲ, ಅಷ್ಟೇ.

ಇನ್ನು ಆತಂಕಕ್ಕೂ ಇದಕ್ಕೂ ಏನು ಸಂಬಂಧ? ಇದೇ ಮುಖ್ಯ ವಿಷಯ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗಾಬರಿಯ ದಾಳಿ (ಪ್ಯಾನಿಕ್ ಅಟ್ಯಾಕ್) ಹೀಗೆ ನಡೆಯುತ್ತದೆ. ಮೆಟ್ಟಿಲು ಹತ್ತಿದ್ದಕ್ಕೋ, ಎರಡನೆಯ ಲೋಟ ಕಾಫಿಗೋ ಎದೆ ಬಡಿತ ತುಸು ಜೋರಾಗುತ್ತದೆ. "ಇದೇನು, ಹಾರ್ಟ್ ಅಟ್ಯಾಕೇ?" ಎಂಬ ಯೋಚನೆ ಬರುತ್ತದೆ. ಆ ಹೆದರಿಕೆಗೆ ಅಡ್ರಿನಲಿನ್ ಹರಿಯುತ್ತದೆ, ಬಡಿತ ಇನ್ನೂ ಏರುತ್ತದೆ. ಏರಿದ ಬಡಿತವೇ ಹೆದರಿಕೆಗೆ ಪುರಾವೆಯಾಗುತ್ತದೆ. ಐದು-ಹತ್ತು ನಿಮಿಷದಲ್ಲಿ ಬೆವರು, ನಡುಕ, ಉಸಿರು ಕಟ್ಟಿದಂತಾಗುವುದು ಎಲ್ಲವೂ ಸೇರಿಕೊಳ್ಳುತ್ತವೆ. ಈ ಸರಪಳಿಯಲ್ಲಿ ಸಡಿಲ ಕೊಂಡಿ ಎಂದರೆ ಮೈಯಲ್ಲಿ ಆದದ್ದಕ್ಕೂ ಅದಕ್ಕೆ ಮನಸ್ಸು ಕೊಟ್ಟ ಅರ್ಥಕ್ಕೂ ನಡುವಿನ ಜಾಗ. ಗಾಬರಿ ರೋಗಕ್ಕೆ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಕೊಡುವ ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ರೋಗಿಯನ್ನು ಕುರ್ಚಿಯಲ್ಲಿ ಗಿರಗಿರನೆ ತಿರುಗಿಸುತ್ತಾರೆ, ನಿಂತಲ್ಲೇ ಓಡಿಸುತ್ತಾರೆ, ಸಣ್ಣ ಸ್ಟ್ರಾ ಮೂಲಕ ಉಸಿರಾಡಿಸುತ್ತಾರೆ. ತಲೆಸುತ್ತು, ಬಡಿತ, ಉಸಿರುಗಟ್ಟುವಿಕೆಯನ್ನು ಬೇಕೆಂದೇ ಬರಿಸಿ, ಅದು ಬಂದು ತಾನಾಗಿ ಇಳಿಯುವವರೆಗೂ ಓಡಿಹೋಗದೆ ನೋಡಲು ಕಲಿಸುವುದು ಅದರ ಉದ್ದೇಶ. ವಿಪಶ್ಯನ ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ: ನೆತ್ತಿಯಿಂದ ಕಾಲ್ಬೆರಳ ತುದಿಯವರೆಗೆ ಇಂಚಿಂಚು ಗಮನ ಸರಿಸುತ್ತಾ, ಸಿಕ್ಕ ನೋವು, ತುರಿಕೆ, ಬಡಿತ, ಬಿಸಿ ಯಾವುದನ್ನೂ ಓಡಿಸದೆ, ಯಾವುದಕ್ಕೂ ಜೋತುಬೀಳದೆ ನೋಡುವುದು. ಎದೆ ಬಡಿತವೂ ಮಂಡಿನೋವಿನಂತೆ ಒಂದು ಸಂವೇದನೆ, ಬಂತು, ಇತ್ತು, ಹೋಯಿತು. ಇದನ್ನು ನೂರು ಸಲ ಮೈಯೇ ನೋಡಿ ತಿಳಿದಾಗ ಸರಪಳಿಯ ಕೊಂಡಿ ಸಡಿಲವಾಗುತ್ತದೆ. ಇದಕ್ಕೆ ನಂಬಿಕೆ ಬೇಕಿಲ್ಲ, ಪುನರಾವರ್ತನೆ ಸಾಕು.

ಪುರಾವೆ ಎಷ್ಟು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆತಂಕದ ಮೇಲಿನ ಒಳ್ಳೆಯ ಸಂಶೋಧನೆ ಹೆಚ್ಚಾಗಿ ನಡೆದಿರುವುದು ಹತ್ತು ದಿನದ ಮೌನಶಿಬಿರದ ಮೇಲಲ್ಲ. ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಶುರುಮಾಡಿದ, ಸಾವಧಾನದಿಂದ ಒತ್ತಡ ಇಳಿಸಲು ಕಲಿಸುವ ಎಂಟು ವಾರದ ಎಂಬಿಎಸ್‌ಆರ್ ಎಂಬ ಕಾರ್ಯಕ್ರಮದ ಮೇಲೆ. ವಿಪಶ್ಯನದ ಅಂಶಗಳು ಅದರಲ್ಲಿ ಸಾಕಷ್ಟಿವೆ, ಆದರೆ ಪ್ರಮಾಣ ಬೇರೆ: ವಾರಕ್ಕೊಂದು ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಕ್ಕೆ 45 ನಿಮಿಷ, ಮಧ್ಯೆ ಒಂದು ಪೂರ್ಣ ದಿನ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 47 ಪ್ರಯೋಗಗಳ 3,515 ಜನರನ್ನು ಒಟ್ಟಿಗೆ ನೋಡಿ, ಧ್ಯಾನದಿಂದ ಆತಂಕ ತುಸು ಇಳಿಯುತ್ತದೆ ಎಂಬುದಕ್ಕೆ ಮಧ್ಯಮ ಮಟ್ಟದ ಪುರಾವೆಯಿದೆ ಎಂದಿತು. ವ್ಯಾಯಾಮಕ್ಕಿಂತಲೋ ಔಷಧಿಗಿಂತಲೋ ಮೇಲು ಎಂಬುದಕ್ಕೆ ಮಾತ್ರ ಆಧಾರವಿಲ್ಲ ಎಂದೂ ಹೇಳಿತು. 2022ರಲ್ಲಿ ಜಾಮಾ ಸೈಕಿಯಾಟ್ರಿಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆತಂಕ ರೋಗವಿದ್ದ 276 ಜನರಲ್ಲಿ ಅರ್ಧದಷ್ಟು ಮಂದಿಗೆ ಎಂಬಿಎಸ್‌ಆರ್, ಉಳಿದವರಿಗೆ ಎಸ್ಸಿಟಲೊಪ್ರಾಮ್ ಎಂಬ ಆತಂಕದ ಮಾತ್ರೆ ಕೊಟ್ಟರು. ಎಂಟು ವಾರದ ಕೊನೆಗೆ ಎರಡೂ ಗುಂಪಿನಲ್ಲಿ ಆತಂಕ ಹತ್ತಿರ ಹತ್ತಿರ ಒಂದೇ ಅಳತೆಯಲ್ಲಿ ಇಳಿದಿತ್ತು. ಇದರ ಮತ್ತೊಂದು ಮುಖ 2020ರ ಒಂದು ಸಮೀಕ್ಷೆಯಲ್ಲಿದೆ. 83 ಅಧ್ಯಯನಗಳನ್ನು ಸೋಸಿ ನೋಡಿದಾಗ ಧ್ಯಾನ ಮಾಡಿದವರಲ್ಲಿ ಸುಮಾರು ನೂರಕ್ಕೆ ಎಂಟು ಜನರಿಗೆ ಏನಾದರೊಂದು ತೊಂದರೆ ಕಾಣಿಸಿತ್ತು. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಆತಂಕವೇ. ಮದ್ದು ಎಂದಮೇಲೆ ಪ್ರಮಾಣವೂ ಇರುತ್ತದೆ, ಅಡ್ಡಪರಿಣಾಮವೂ ಇರುತ್ತದೆ. ಹತ್ತು ದಿನ ಎಂಬುದು ದೊಡ್ಡ ಪ್ರಮಾಣ.

ದಿನಚರಿ

ಬೆಳಗಿನ ಜಾವ 4ಕ್ಕೆ ಗಂಟೆ. 4.30ರಿಂದ 6.30 ಸಾಧನೆ, ಆಮೇಲೆ ತಿಂಡಿ. 8ರಿಂದ 9 ಸಾಮೂಹಿಕ ಸಾಧನೆ, 9ರಿಂದ 11 ಮತ್ತೆ ಸಾಧನೆ. 11ಕ್ಕೆ ಊಟ, 12ರಿಂದ 1 ವಿಶ್ರಾಂತಿ ಮತ್ತು ಆಚಾರ್ಯರನ್ನು ಕಂಡು ಮಾತಾಡುವ ಸಮಯ. 1ರಿಂದ 5ರವರೆಗೆ ಮೂರು ಪಾಳಿ, ಅದರಲ್ಲಿ 2.30ರಿಂದ 3.30 ಸಾಮೂಹಿಕ. 5ಕ್ಕೆ ಚಹಾ, ಹಣ್ಣು. 6ರಿಂದ 7 ಸಾಮೂಹಿಕ, 7ರಿಂದ 8.15 ಪ್ರವಚನ, ಮತ್ತೆ 9ರವರೆಗೆ ಸಾಧನೆ, 9.30ಕ್ಕೆ ದೀಪ ಆರುತ್ತದೆ. ಗಂಡಸರಿಗೂ ಹೆಂಗಸರಿಗೂ ಎಲ್ಲವೂ ಪ್ರತ್ಯೇಕ. ಊಟ ಸಾದಾ ಸಸ್ಯಾಹಾರ. ಓದು, ಬರಹ, ಸಂಗೀತ, ಜಪ, ಯೋಗಾಸನ ಯಾವುದೂ ಇಲ್ಲ, ನಡೆದಾಡಬಹುದು. ಆರ್ಯ ಮೌನ ಎಂದರೆ ಸನ್ನೆಯೂ ಇಲ್ಲ, ಕಣ್ಣಿಗೆ ಕಣ್ಣು ಕೊಡುವುದೂ ಇಲ್ಲ. ಆದರೆ ತೊಂದರೆಯಾದರೆ ಸೇವಕರೊಂದಿಗೂ ಆಚಾರ್ಯರೊಂದಿಗೂ ಮಾತಾಡಬಹುದು. ಇದು ನಿಯಮದಲ್ಲೇ ಇದೆ. ಆತಂಕದವರು ಮೌನ ಮುರಿದಂತಾಗುತ್ತದೆ ಎಂದು ಸುಮ್ಮನಿದ್ದು ನರಳುತ್ತಾರೆ, ಹಾಗೆ ಮಾಡಬೇಡಿ.

ಮೊದಲ ಮೂರು ದಿನ ಆನಾಪಾನ. ಮೂಗಿನೊಳಗೆ ಹೊರಗೆ ಹೋಗಿಬರುವ ಸಹಜ ಉಸಿರನ್ನು ಗಮನಿಸುವುದು, ಆಮೇಲೆ ಅದು ಎಲ್ಲಿ ಸೋಕುತ್ತದೆ ಎಂದು ನೋಡುವುದು, ಕೊನೆಗೆ ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲೆ ಇರುವ ಪುಟ್ಟ ಜಾಗದಲ್ಲಿ ಏನು ಅನ್ನಿಸುತ್ತದೆ ಎಂದು ನೋಡುವುದು. ನಾಲ್ಕನೆಯ ದಿನ ಮಧ್ಯಾಹ್ನ ವಿಪಶ್ಯನ ಕೊಡುತ್ತಾರೆ. ಅಲ್ಲಿಂದ ಮುಂದೆ ದಿನಕ್ಕೆ ಮೂರು ಸಾಮೂಹಿಕ ಪಾಳಿಗಳಲ್ಲಿ ಅಧಿಷ್ಠಾನ: ಒಂದು ಗಂಟೆ ಕಣ್ಣು, ಕೈ, ಕಾಲು ಬಿಚ್ಚದೆ ಕೂರುವ ಸಂಕಲ್ಪ. ಹತ್ತನೆಯ ದಿನ ಮಂಗಳ ಮೈತ್ರಿ (ಎಲ್ಲರಿಗೂ ಒಳಿತು ಬಯಸುವ ಧ್ಯಾನ) ಕಲಿಸಿ ಮೌನ ಬಿಡಿಸುತ್ತಾರೆ. ಹನ್ನೊಂದನೆಯ ಬೆಳಗ್ಗೆ ಮನೆಗೆ.

ಎಲ್ಲಿ ಕೆಡುತ್ತದೆ, ಯಾಕೆ

ಆತಂಕದವರು ಮುಗ್ಗರಿಸುವ ಮೊದಲ ಕಲ್ಲು ಉಸಿರೇ. ಸಹಜ ಉಸಿರು ಎಂದು ಗೋಯೆಂಕಾ ನೂರು ಸಲ ಹೇಳಿದರೂ, ಗಮನ ಬಿದ್ದ ಕೂಡಲೇ ಆತಂಕದ ಮನಸ್ಸು ಅದನ್ನು ಸರಿಮಾಡಲು ಹೋಗುತ್ತದೆ. ಉದ್ದುದ್ದ ಎಳೆಯುತ್ತದೆ, ಜೋರಾಗಿ ಬಿಡುತ್ತದೆ. ಹಾಗೆ ಅರ್ಧ ಗಂಟೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳ ತುದಿ, ತುಟಿಯ ಸುತ್ತ ಜುಮುಜುಮು, ತಲೆ ಹಗುರ, ಎದೆ ಬಿಗಿತ. ಇದನ್ನು ಕೆಲವರು ಗಾಬರಿಯ ದಾಳಿ ಎಂದು ಎದ್ದುಹೋಗುತ್ತಾರೆ. ಇನ್ನು ಕೆಲವರು, ನಾಲ್ಕನೆಯ ದಿನದ ನಂತರ, ಇದೇ ಜುಮುಜುಮುವನ್ನು ಸಾಧನೆ ಫಲಿಸಿ ಎದ್ದ ಸೂಕ್ಷ್ಮ ತರಂಗ ಎಂದು ಹಿಗ್ಗುತ್ತಾರೆ. ಎರಡೂ ತಪ್ಪು. ಪರೀಕ್ಷೆ ಸುಲಭ: ಬಾಯಿ ಮುಚ್ಚಿ, ಭುಜ ಇಳಿಬಿಟ್ಟು, ಉಸಿರು ಎಷ್ಟು ಚಿಕ್ಕದಾದರೂ ಸರಿ ಎಂದು ಐದು ನಿಮಿಷ ಹಾಗೇ ಬಿಡಿ. ಜುಮುಜುಮು ಇಳಿದರೆ ಅದು ಅತಿ ಉಸಿರಾಟದ್ದು. ಪ್ಲಾಸ್ಟಿಕ್ ಅಥವಾ ಕಾಗದದ ಚೀಲದೊಳಗೆ ಉಸಿರಾಡುವ ಹಳೇ ಉಪಾಯಕ್ಕೆ ಹೋಗಬೇಡಿ, ಅಪಾಯ.

ಎರಡನೆಯದು ಇನ್ನೂ ಸೂಕ್ಷ್ಮ. ಆತಂಕದವರು ಮೈಯನ್ನು ಮೊದಲೇ ದಿನವಿಡೀ ತಪಾಸಣೆ ಮಾಡುತ್ತಿರುತ್ತಾರೆ: ಬಡಿತ ಸರಿಯಿದೆಯೇ, ತಲೆ ತಿರುಗುತ್ತಿದೆಯೇ. ವಿಪಶ್ಯನದಲ್ಲಿ ಮೈ ನೋಡಿ ಎಂದಾಗ ಇದೇ ತಪಾಸಣೆ ಧ್ಯಾನದ ವೇಷ ಹಾಕಿಕೊಂಡು ಬರುತ್ತದೆ. ವ್ಯತ್ಯಾಸ ಗುರುತಿಸುವ ಬಗೆ ಹೀಗೆ. ತಪಾಸಣೆಯಲ್ಲಿ ಗಮನ ಎದೆಗೇ ಪದೇ ಪದೇ ಹೋಗಿ ಅಂಟಿಕೊಳ್ಳುತ್ತದೆ, ಕೊನೆಗೆ ಒಂದು ತೀರ್ಪು ಬೇಕಾಗುತ್ತದೆ. ಸಾಧನೆಯಲ್ಲಿ ಎದೆಗೂ ಮೊಣಕೈಗೂ ಒಂದೇ ಹೊತ್ತು. ತೀರ್ಪಿಲ್ಲದೆ ಮುಂದಿನ ಅಂಗಕ್ಕೆ ಹೋಗುವುದು. ಎದೆಯಲ್ಲಿ ಸಿಕ್ಕಿಕೊಂಡರೆ ಒಂದು ನಿಮಿಷದ ಮೇಲೆ ನಿಲ್ಲದೆ ಅಂಗೈ, ಅಂಗಾಲಿಗೆ ಗಮನ ಇಳಿಸಿ. ಶಿಬಿರದಲ್ಲೂ ಮನಸ್ಸು ತೀರಾ ಕಲಕಿದಾಗ ಕೈಕಾಲಿನ ತುದಿಗಳ ಸಂವೇದನೆ ನೋಡಲು ಹೇಳುತ್ತಾರೆ. ಇಲ್ಲವೇ ಆನಾಪಾನಕ್ಕೆ ಹಿಂತಿರುಗಲು ಹೇಳುತ್ತಾರೆ.

ಮೂರನೆಯದು, ಆತಂಕ ಹೋಯಿತೇ ಎಂದು ಪ್ರತಿ ಪಾಳಿಯ ಕೊನೆಗೆ ಅಳೆಯುವುದು. ಬೀಜ ಬಿತ್ತಿ ದಿನವೂ ಕೆದಕಿ ನೋಡಿದರೆ ಮೊಳಕೆ ಬರುವುದಿಲ್ಲ. ಇಲ್ಲಿ ಅಭ್ಯಾಸ ಮಾಡುತ್ತಿರುವುದು ಶಾಂತಿಯನ್ನಲ್ಲ, ಅಶಾಂತಿ ಇದ್ದಾಗ ಪ್ರತಿಕ್ರಿಯೆ ತಡೆಯುವುದನ್ನು. ಶಾಂತವಾಗಿದ್ದ ಪಾಳಿಗಿಂತ ಎದೆ ಹೊಡೆದುಕೊಳ್ಳುತ್ತಿದ್ದರೂ ಎದ್ದುಹೋಗದ ಪಾಳಿಯೇ ಹೆಚ್ಚು ಕೆಲಸ ಮಾಡುತ್ತದೆ.

ಅಧಿಷ್ಠಾನವನ್ನು ಹಟವೆಂದು ತಿಳಿಯುವುದೂ ಸಾಮಾನ್ಯ. ಮೊದಮೊದಲು ಇಪ್ಪತ್ತು, ಮೂವತ್ತು ನಿಮಿಷಕ್ಕೆ ಕಾಲು ಬದಲಿಸಬೇಕಾಗುತ್ತದೆ. ಬದಲಿಸಿದರೆ ಯಾರೂ ಬೈಯುವುದಿಲ್ಲ. ಕೂರುವ ದಿಂಬು ಮಂಡಿಗಿಂತ ಸೊಂಟ ಎತ್ತರ ಬರುವಷ್ಟಿರಬೇಕು, ಸಾಮಾನ್ಯವಾಗಿ ನಾಲ್ಕರಿಂದ ಆರು ಇಂಚು. ಮಂಡಿ ನೆಲ ಮುಟ್ಟದಿದ್ದರೆ ಅದರಡಿ ಮಡಿಸಿದ ಟವೆಲ್. ಕೂತಾಗ ಮಾತ್ರ ಇದ್ದು ಎದ್ದು ನಡೆದಾಗ ಐದು ನಿಮಿಷದಲ್ಲಿ ಹೋಗುವ ನೋವು ನೋಡುತ್ತಾ ಕೂರಬಹುದಾದ ನೋವು. ಎದ್ದ ಮೇಲೂ ಉಳಿಯುವ ಮಂಡಿನೋವು, ಕಾಲಿನ ಮರಗಟ್ಟುವಿಕೆ ಇದ್ದರೆ ಕುರ್ಚಿ ಕೇಳಿ. ಕುರ್ಚಿಯಲ್ಲಿ ಕೂತರೆ ಸಾಧನೆ ಕಡಿಮೆಯಾಗುವುದಿಲ್ಲ. ಜೋಮು ಹಿಡಿದ ಕಾಲಲ್ಲಿ ಥಟ್ಟನೆ ಎದ್ದರೆ ಬೀಳುತ್ತೀರಿ, ಒಂದು ನಿಮಿಷ ಕಾಲು ಚಾಚಿ ಆಮೇಲೆ ಏಳಿ.

ಕಾಫಿಯ ವಿಷಯ ಯಾರೂ ಹೇಳುವುದಿಲ್ಲ, ನಮ್ಮ ಕಡೆಯವರಿಗೆ ಹೇಳಲೇಬೇಕು. ದಿನಕ್ಕೆ ಮೂರು ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಒಂದೆರಡು ದಿನ ಜೋರಾಗಿರುತ್ತದೆ. ಜೊತೆಗೆ ಕಿರಿಕಿರಿ, ಮಂಕು. ಶಿಬಿರದ ಹಳಬರು ಎರಡನೆಯ ದಿನವೂ ಆರನೆಯ ದಿನವೂ ಕಷ್ಟ ಎನ್ನುತ್ತಾರೆ. ಎರಡನೆಯ ದಿನದ ಕಷ್ಟದಲ್ಲಿ ಕಾಫಿಯ ಪಾಲೂ ಇದ್ದೀತು. ಹೋಗುವ ಹತ್ತು ದಿನ ಮೊದಲಿನಿಂದಲೇ ಎರಡು ಮೂರು ದಿನಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬನ್ನಿ. ಹೇಗೂ ಕೆಫೀನ್ ಎದೆಬಡಿತದ ಗೆಳೆಯ, ಆತಂಕವಿರುವವರಿಗೆ ಕಡಿಮೆಯಾದಷ್ಟೂ ಒಳ್ಳೆಯದೇ.

ಹಸಿವೂ ಹೀಗೆಯೇ ಮೋಸ ಮಾಡುತ್ತದೆ. 11ರ ಊಟದ ನಂತರ ಸಿಗುವುದು 5ರ ಹಣ್ಣು-ಚಹಾ. ಹಸಿದ ಹೊಟ್ಟೆಯ ನಡುಕ, ಬೆವರು ಗಾಬರಿಯಂತೆಯೇ ಇರುತ್ತದೆ. ಊಟದಲ್ಲಿ ಬರೀ ಅನ್ನಕ್ಕೆ ಜೋರು ಕೊಡದೆ ಕಾಳು, ಬೇಳೆ, ಮೊಸರು ಚೆನ್ನಾಗಿ ಹಾಕಿಸಿಕೊಳ್ಳಿ. ಆದರೆ ಹೊಟ್ಟೆ ಮುಕ್ಕಾಲೇ ತುಂಬಿರಲಿ, ಇಲ್ಲದಿದ್ದರೆ ಒಂದರ ಪಾಳಿ ನಿದ್ದೆಯಲ್ಲಿ ಹೋಗುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಅರ್ಜಿಯಲ್ಲೇ ತಿಳಿಸಿ, ರಾತ್ರಿ ಊಟದ ಬಗ್ಗೆ ಮೊದಲೇ ಮಾತಾಡಿಕೊಳ್ಳಿ.

ಮಾತ್ರೆಯ ಬಗ್ಗೆ, ದಯವಿಟ್ಟು ನಿಧಾನವಾಗಿ ಓದಿ. ಧ್ಯಾನಕ್ಕೆ ಹೋಗುತ್ತೇನಲ್ಲ ಎಂದು ಮಾತ್ರೆ ಬಿಡಬೇಡಿ. ಎಸ್ಸಿಟಲೊಪ್ರಾಮ್‌ನಂಥ ಔಷಧಿ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ, ಹೆಚ್ಚಿದ ಆತಂಕ ಬರುತ್ತವೆ. ಕ್ಲೊನಜೆಪಾಮ್‌ನಂಥ ಆತಂಕದ ಮಾತ್ರೆಗಳನ್ನು ಹಾಗೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಮೌನದಲ್ಲಿ, ನಿದ್ದೆ ಕಡಿಮೆಯಾಗಿರುವಾಗ ಇದು ಶುರುವಾದರೆ ಧ್ಯಾನದ್ದೋ ಮಾತ್ರೆಯದೋ ಎಂದು ತಿಳಿಯದೆ ಒದ್ದಾಡುತ್ತೀರಿ. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಪ್ರಶ್ನೆಗಳಿವೆ. ಸೀಟು ಸಿಗಲಿಕ್ಕಿಲ್ಲ ಎಂದು ಮುಚ್ಚಿಡುವವರಿದ್ದಾರೆ. ಅದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ. ಸ್ಕಿಜೋಫ್ರೀನಿಯಾ, ಬೈಪೋಲಾರ್, ಆತ್ಮಹತ್ಯೆಯ ಯೋಚನೆ, ಇನ್ನೂ ಹಸಿಯಾಗಿರುವ ಆಘಾತ ಇರುವವರಿಗೆ ಈ ಶಿಬಿರಕ್ಕೆ ಹೋಗಿ ಎಂದು ನಾವು ಹೇಳುವುದಿಲ್ಲ. ವೈದ್ಯಕೀಯ ಚಿಕಿತ್ಸೆಗೆ ಇದು ಬದಲಿಯಲ್ಲ ಎಂದು ಸಂಸ್ಥೆಯೇ ಹೇಳುತ್ತದೆ.

ನಮ್ಮ ಆಕ್ಷೇಪಣೆ ಇರುವುದೂ ಇಲ್ಲೇ. ಸೋಸುವ ಕೆಲಸ ಹೆಚ್ಚಾಗಿ ಅರ್ಜಿಯ ಪ್ರಶ್ನೆಗಳ ಮೇಲೆ ನಿಂತಿದೆ, ನೋಡಿಕೊಳ್ಳುವವರು ಸ್ವಯಂಸೇವಕರು. ಆಚಾರ್ಯರ ಜೊತೆಗಿನ ಭೇಟಿ ಕೆಲವೇ ನಿಮಿಷ, ಉತ್ತರ ವಿಧಾನದ ಸುತ್ತಲೇ ಇರುತ್ತದೆ: ಸಮತೆಯಿಂದ ನೋಡಿ, ಅನಿಚ್ಚ ಅನಿಚ್ಚ (ಎಲ್ಲವೂ ಅನಿತ್ಯ). ಹೆಚ್ಚಿನವರಿಗೆ ಅಷ್ಟು ಸಾಕು. ಆದರೆ ನೋಡುತ್ತಾ ಹೋದರೆ ಹದಗೆಡುವ ಒಂದು ಸಣ್ಣ ಗುಂಪಿಗೆ ಸಾಲದು. ಆ ಗುಂಪಿನಲ್ಲಿ ನೀವಿದ್ದರೆ ತಿಳಿಯುವುದು ಹೀಗೆ: ಸತತ ಎರಡು ರಾತ್ರಿ ಕಣ್ಣು ಮುಚ್ಚಿಲ್ಲ, ಸುತ್ತಲಿನದೆಲ್ಲ ನಿಜವಲ್ಲ ಎನ್ನಿಸುವುದು ಸಾಧನೆ ನಿಲ್ಲಿಸಿ ನಡೆದಾಡಿದರೂ ಹೋಗುತ್ತಿಲ್ಲ, ಇಲ್ಲದ ದನಿ ಕೇಳುತ್ತಿದೆ, ಸಾಯಬೇಕೆನ್ನಿಸುತ್ತಿದೆ. ಇದರಲ್ಲಿ ಒಂದಿದ್ದರೂ ಕಣ್ಣು ತೆರೆಯಿರಿ, ಸಾಧನೆ ನಿಲ್ಲಿಸಿ, ಆಚಾರ್ಯರಿಗೆ ಹೇಳಿ, ಮನೆಗೆ ಹೊರಡಿ. ಮಧ್ಯದಲ್ಲಿ ಬಿಟ್ಟುಹೋಗಬೇಡಿ ಎಂದು ಅವರು ಒತ್ತಿ ಹೇಳುತ್ತಾರೆ, ಬೇಸರಕ್ಕೋ ಮಂಡಿನೋವಿಗೋ ಎದ್ದುಹೋಗುವವರಿಗೆ ಆ ಮಾತು ಸರಿ. ಈ ನಾಲ್ಕು ಲಕ್ಷಣಕ್ಕೆ ಆ ಮಾತು ಅನ್ವಯಿಸುವುದಿಲ್ಲ.

ಹೋಗುವ ಮೊದಲಿನ ನಾಲ್ಕು ವಾರ

ಮೊದಲ ವಾರ ಬೆಳಗ್ಗೆ ಹತ್ತು, ಸಂಜೆ ಹತ್ತು ನಿಮಿಷ. ಕುರ್ಚಿಯ ಮೇಲೆ, ಪಾದ ನೆಲಕ್ಕೆ ಊರಿ, ಕಣ್ಣು ಅರ್ಧ ತೆರೆದು ನಾಲ್ಕಡಿ ಮುಂದಿನ ನೆಲ ನೋಡುತ್ತಾ. ಮೊದಲ ಎರಡು ನಿಮಿಷ ಅಂಗಾಲು ನೆಲಕ್ಕೆ ತಾಗಿರುವುದನ್ನಷ್ಟೇ ಗಮನಿಸಿ, ಆಮೇಲೆ ಮೂಗಿನ ತುದಿಯ ಉಸಿರಿಗೆ ಬನ್ನಿ. ಉಸಿರಿಗೆ ಬಂದೊಡನೆ ಗಾಬರಿಯಾಗುವವರು ಅಂಗಾಲಿನಲ್ಲೇ ಇರಿ ಅಥವಾ ಹೊರಗಿನ ಸದ್ದು ಕೇಳಿ, ಉಸಿರೇ ಆಗಬೇಕೆಂದಿಲ್ಲ. ಒಂದರಿಂದ ಹತ್ತರವರೆಗೆ ಎಣಿಸುವುದು ಗೋಯೆಂಕಾ ಪದ್ಧತಿಯಲ್ಲಿಲ್ಲ, ಈ ಒಂದು ವಾರ ಎಣಿಸಿದರೆ ತಪ್ಪೇನಿಲ್ಲ. ಹತ್ತು ನಿಮಿಷದ ಆನಾಪಾನದ ಧ್ವನಿಮುದ್ರಣ ಅವರ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ.

ಎರಡನೆಯ ವಾರ ಹದಿನೈದು ನಿಮಿಷ, ಎಣಿಕೆ ಬಿಟ್ಟು, ಕಣ್ಣು ಮುಚ್ಚಿ. ಮೂರನೆಯ ವಾರ ಇಪ್ಪತ್ತು; ಕೊನೆಯ ಐದು ನಿಮಿಷ ನೆತ್ತಿಯಿಂದ ಪಾದದವರೆಗೆ ಒಂದು ಸುತ್ತು. ನಾಲ್ಕನೆಯ ವಾರ ಒಂದು ಹೊತ್ತಿಗೆ ಮೂವತ್ತು ನಿಮಿಷ, ನೆಲದ ಮೇಲೆ ದಿಂಬಿಟ್ಟು. ಆ ಭಾನುವಾರ ಅರ್ಧ ದಿನ ಫೋನ್ ಬೀರುವಿನಲ್ಲಿಟ್ಟು, ಮಾತಿಲ್ಲದೆ, ಒಂದು ಗಂಟೆ ಕೂತು, ಒಂದು ಗಂಟೆ ನಡೆದು ನೋಡಿ. ಪ್ರತಿ ಸಲ ಕೂರುವ ಮುಂಚೆ ಮತ್ತು ಎದ್ದು ಅರ್ಧ ಗಂಟೆಯ ನಂತರ ಆತಂಕಕ್ಕೆ ಹತ್ತರಲ್ಲಿ ಎಷ್ಟು ಎಂದು ಬರೆದಿಡಿ. ಕೂತಿದ್ದಾಗ ಏರುವುದು ತಪ್ಪಲ್ಲ. ಅರ್ಧ ಗಂಟೆಯ ನಂತರವೂ ಇಳಿಯದೆ ವಾರವಿಡೀ ಏರುತ್ತಲೇ ಹೋದರೆ ಸಮಯ ಅರ್ಧಕ್ಕಿಳಿಸಿ, ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ನಾಲ್ಕು ವಾರದಲ್ಲಿ ಇಪ್ಪತ್ತು ದಿನವಾದರೂ ಕೂತಿದ್ದರೆ, ರಾತ್ರಿ ಆರು ಗಂಟೆ ನಿದ್ದೆ ಬರುತ್ತಿದ್ದರೆ, ಅರ್ಜಿ ಹಾಕಿ. ಅಷ್ಟು ಆಗಿಲ್ಲವೆಂದರೆ ಇನ್ನೊಂದು ತಿಂಗಳು ಹೀಗೇ ಮುಂದುವರಿಸಿ.

ಅರ್ಜಿ, ಸಾಮಾನು, ವಾಪಸ್ಸು

ಅರ್ಜಿ ಆನ್‌ಲೈನ್‌ನಲ್ಲಿ. ಸೀಟು ಬೇಗ ತುಂಬುತ್ತದೆ, ಹಾಗಾಗಿ ನೋಂದಣಿ ತೆರೆಯುವ ದಿನವೇ ಹಾಕಿ. ಬೋಧನೆ ಯಾವ ಭಾಷೆಯಲ್ಲಿದೆ ಎಂದು ಆಯಾ ಶಿಬಿರದ ಪಟ್ಟಿಯಲ್ಲಿ ನೋಡಿ. ಸೂಚನೆ ಅರ್ಥವಾಗದೆ ಹತ್ತು ದಿನ ಕೂರುವುದು ಆತಂಕವಿರುವವರಿಗೆ ದೊಡ್ಡ ಹಿಂಸೆ. ಮೆಟ್ರೊ ಹಸಿರು ಮಾರ್ಗ ಈಗ ತುಮಕೂರು ರಸ್ತೆಯ ಮಾದಾವರದವರೆಗೆ ಇದೆ, ಅಲ್ಲಿಂದ ಮುಂದೆ ಆಟೊ. ಸೇರುವ ದಿನ ಮಧ್ಯಾಹ್ನ ತಲುಪಿ. ಫೋನ್, ಪುಸ್ತಕ, ಪೆನ್ನು ಒಪ್ಪಿಸಬೇಕು. ಮನೆಯವರಿಗೆ ಕೇಂದ್ರದ ಕಚೇರಿ ನಂಬರ್ ಕೊಟ್ಟಿದ್ದರೆ ತುರ್ತಿಗೆ ಸುದ್ದಿ ಮುಟ್ಟುತ್ತದೆ. ಇದೊಂದು ತಿಳಿದಿದ್ದರೆ ಮನೆ ಹೇಗಿದೆಯೋ ಎಂಬ ಚಿಂತೆ ಅರ್ಧ ಇಳಿಯುತ್ತದೆ.

ಒಯ್ಯಬೇಕಾದ್ದು: ಸಡಿಲ ಹತ್ತಿ ಬಟ್ಟೆ, ಜಾವದ ಚಳಿಗೆ ಶಾಲು, ಸೊಳ್ಳೆ ಕ್ರೀಮು, ಟಾರ್ಚು, ಫೋನಲ್ಲದ ಅಲಾರಾಂ ಗಡಿಯಾರ, ಮಳೆಗಾಲವಾದರೆ ಛತ್ರಿ, ಹನ್ನೆರಡು ದಿನಕ್ಕೆ ಸಾಕಾಗುವಷ್ಟು ಮಾತ್ರೆ ಮತ್ತು ವೈದ್ಯರ ಚೀಟಿ.

ಮುಗಿದ ಮೇಲೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಎನ್ನುತ್ತಾರೆ. ಕೆಲಸ, ಮನೆ, ಮಕ್ಕಳು ಇರುವವರಿಗೆ ಇದು ಬೇಗ ಮುರಿಯುವ ಪ್ರತಿಜ್ಞೆ; ಮುರಿದ ಮೇಲೆ ಪೂರ್ತಿ ಬಿಟ್ಟುಬಿಡುವುದೇ ನಿಜವಾದ ನಷ್ಟ. ನಮ್ಮ ಸಲಹೆ: ಬೆಳಗ್ಗೆ ಮೂವತ್ತು ನಿಮಿಷ ಯಾವ ಕಾರಣಕ್ಕೂ ಬಿಡಬೇಡಿ, ಸಂಜೆ ಆದಷ್ಟು. ಹಳೆಯ ಸಾಧಕರಿಗೆ ಊರೂರಲ್ಲಿ ವಾರದ ಸಾಮೂಹಿಕ ಸಾಧನೆ, ಒಂದು ದಿನದ ಶಿಬಿರ ಇರುತ್ತವೆ. ಒಬ್ಬರೇ ಕೂರಲಾಗದವರಿಗೆ ಅದೇ ಆಸರೆ. ಮತ್ತೆ ಗಾಬರಿಯ ದಾಳಿ ಬರಬಹುದು. ಬಂದರೆ ಹತ್ತು ದಿನ ವ್ಯರ್ಥವಾಯಿತು ಎಂದಲ್ಲ. ಎಲ್ಲಿದ್ದೀರೋ ಅಲ್ಲೇ ಕೂತು, ಅಂಗಾಲು, ಅಂಗೈ, ಆಮೇಲೆ ಎದೆ, ಈ ಕ್ರಮದಲ್ಲಿ ನೋಡಿ. ಎದೆನೋವು ಕೈಗೆ, ದವಡೆಗೆ ಹರಡಿದರೆ ಅಥವಾ ಹಿಂದೆಂದೂ ಕಾಣದ ಥರ ಇದ್ದರೆ ಧ್ಯಾನ ಬೇಡ, ನೇರ ಆಸ್ಪತ್ರೆ. ಮನಸ್ಸು ತೀರಾ ಹದಗೆಟ್ಟಾಗ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಲು ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಕರೆ ಉಚಿತ.

ಹನ್ನೊಂದನೆಯ ದಿನ ಬೆಳಗ್ಗೆ ಫೋನ್ ಕೈಗೆ ಬರುತ್ತದೆ, ಹತ್ತು ದಿನದ ಮೆಸೇಜುಗಳ ರಾಶಿ. ಅಂದೇ ಆಫೀಸಿಗೆ ಹೋಗುವ ಏರ್ಪಾಡು ಬೇಡ. ತುಮಕೂರು ರಸ್ತೆಯ ಹಾರ್ನ್ ಸದ್ದೇ ಕಿವಿಗೆ ಭಾರವೆನ್ನಿಸುತ್ತದೆ. ಒಂದು ದಿನ ರಜೆ ಹೆಚ್ಚಿಗೆ ಹಾಕಿಕೊಂಡು ಮನೆಯಲ್ಲಿದ್ದು, ಆ ಸಂಜೆಯೂ ಮರುದಿನ ಬೆಳಗ್ಗೆಯೂ ತಪ್ಪದೆ ಕೂರಿ.